ದೊಡ್ಡಮ್ಮನ ಬಾಯಿತಾಳ

ಸವತಿಯ ಮಗನ ಕೈ ನೋಡಿದಾಗಲೆಲ್ಲ ಪೆಂದಾಳಿಗೆ ಹೊಟ್ಟೆಯೊಳಗೆ ಕೆಂಡ ಸುರಿದ ಹಾಗಾಗುತ್ತಿತ್ತು. ಅಸ್ಸಾನ್‌ನ ಬೆರಳು ಉದ್ದ, ಮಣಿಕಟ್ಟು ಸಡಿಲ. ಬಲಗೈಯಲ್ಲಿ ಕೋಲು, ಎಡಗೈ ಬರಿಗೈ. ಎರಡೂ ಸೇರಿ ಡೋಲಿನ ಮೇಲೆ ಬಿದ್ದರೆ ಕಾವೊಲಾಕ್ ಪೇಟೆಯ ಕಡಲೆಕಾಯಿ ಮಂಡಿಯಲ್ಲಿ ಮೂಟೆ ಹೊರುವವರೂ ನಿಂತು ಕೇಳುತ್ತಿದ್ದರು. ಅವಳ ಸ್ವಂತ ಮಗ ಬಿರಾಮ್‌ನದು ಒಳ್ಳೆಯ ಮನಸ್ಸು. ಒಳ್ಳೆಯ ಮನಸ್ಸಿನಿಂದ ಡೋಲು ಬಾರಿಸಿದವರನ್ನು ಯಾರೂ ಕಂಡಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ಬೇರೆಯವರ ಮಕ್ಕಳ ವಿಷಯದಲ್ಲಿ ಪೆಂದಾಳೇ ಆಡುತ್ತಿದ್ದ ಮಾತು, ತನ್ನ ಮಗನ ವಿಷಯಕ್ಕೆ ಮಾತ್ರ ಅದನ್ನು ತರುತ್ತಿರಲಿಲ್ಲ.

ಗಂಡ ಸತ್ತು ವರ್ಷವಾಗಿತ್ತು. ದೊಡ್ಡ ಮನೆತನಗಳ ವಂಶ ಹೊಗಳುವ ಗೆವೆಲ್ ಕುಲದವರಿಗೆ ಡೋಲು ಹುಟ್ಟಿನಿಂದಲೇ ಬರುತ್ತದೆ, ಆದರೆ ಮೇಳದ ಮುಂದೆ ಉದ್ದನೆಯ ಡೋಲು ಹಿಡಿದು ನಿಲ್ಲುವವನು ಒಬ್ಬನೇ. ಅಪ್ಪ ನಿಂತ ಜಾಗದಲ್ಲಿ ಯಾವ ಮಗ ನಿಲ್ಲಬೇಕು ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಈಗ ಮನೆಗೆ ಹಿರಿಯನಾದ ಮೈದುನ ಮಾಗೆತ್ ಅಳೆದು ಸುರಿದು ಕೊನೆಗೆ ಹೇಳಿದ.

"ಬಾದಿಯಾನ್ ಮನೇಲಿ ಗುರುವಾರ ಮಗುಗೆ ಹೆಸರಿಡ್ತಾರೆ. ಅಲ್ಲಿ ಯಾರು ಮಕೊದು ತಾಳ ಸರಿಯಾಗಿ ಬಾರಿಸ್ತಾನೋ ಅವನೇ ಮುಂದೆ ನಿಲ್ಲೋನು. ಆಮೇಲೆ ನನ್ನ ತಲೆ ತಿನ್ನಬೇಡಿ ಅತ್ತಿಗೆ."

ಬಾದಿಯಾನರ ಏಳು ತಲೆಮಾರಿನ ಹುಟ್ಟು, ಸಾವು, ಕೀರ್ತಿ ಎಲ್ಲ ಪೆಂದಾಳ ಮನೆಯವರ ನಾಲಿಗೆಯ ಮೇಲೆ, ಡೋಲಿನ ಮೇಲೆ ಇತ್ತು. ಹುಟ್ಟಿದ ಮಗುವಿಗೆ ಮುತ್ತಜ್ಜ ಮಕೊದುವಿನ ಹೆಸರು. ಅವನ ಹೆಸರಿಗೇ ಇದ್ದ ತಾಳ ಬಾರಿಸದಿದ್ದರೆ ಹೆಸರಿಟ್ಟೂ ಇಡದ ಹಾಗೆ. ಆದರೆ ಆ ತಾಳ ಡೋಲಿನ ಮೇಲೆ ಕೇಳಿ ಇಪ್ಪತ್ತೈದು ವರ್ಷವಾಗಿತ್ತು. ಮಾಗೆತ್‌ಗೆ ಮೊದಲೂ ಕೊನೆಯೂ ನೆನಪಿತ್ತು, ನಡುವಿನದು ಹಾರಿಹೋಗಿತ್ತು. ಪೂರ್ತಿ ಬರುತ್ತಿದ್ದುದು ಪೆಂದಾಳಿಗೆ ಒಬ್ಬಳಿಗೇ. ಸೊಸೆಯಾಗಿ ಬಂದ ಹೊಸದರಲ್ಲಿ ಸಜ್ಜೆ ಕುಟ್ಟುವಾಗ ಅತ್ತೆ ಬಾಯಲ್ಲೇ ಹೇಳಿಕೊಟ್ಟಿದ್ದಳು. ಗೆವೆಲ್ ಹೆಂಗಸರು ಹಾಡುತ್ತಾರೆ, ಕುಣಿಯುತ್ತಾರೆ, ವಂಶ ಹೊಗಳುತ್ತಾರೆ, ಕೋಲು ಮಾತ್ರ ಮುಟ್ಟುವುದಿಲ್ಲ. ಬಾಯಿಗೆ ಬೀಗ ಹಾಕುವವರು ಯಾರು?

ಭಾನುವಾರ ಮಧ್ಯಾಹ್ನ ಸವತಿ ಮರೆಮ್ ಒಂದು ತಟ್ಟೆ ಮೀನಿನ ಅನ್ನ ಹಿಡಿದು ಅಂಗಳ ದಾಟಿ ಬಂದಳು.

"ಅಕ್ಕ, ಅಸ್ಸಾನ್‌ಗೂ ಒಂದ್ಸಲ ಹೇಳಿಕೊಡಿ. ಅವನೂ ನಿಮ್ಮ ಮಗನೇ ಅಲ್ವಾ."

"ನಂಗೆಲ್ಲಿ ನೆನಪಿದೆಯೇ. ವಯಸ್ಸಾಯ್ತು."

"ಮೂವತ್ತು ವರ್ಷದ ಹಿಂದೆ ನಾನು ಒಡೆದ ಗಡಿಗೆ ನೆನಪಿದೆಯಲ್ಲ."

"ಅದು ನನ್ನ ತವರಿನ ಗಡಿಗೆ."

ಮರೆಮ್ ಬಂದ ದಾರಿಯಲ್ಲೇ ಹೋದಳು. ಅನ್ನದ ತಟ್ಟೆಯನ್ನು ಪೆಂದಾ ಇಟ್ಟುಕೊಂಡಳು.

ನಾಲ್ಕು ದಿನ ಬಾಗಿಲು ಹಾಕಿಕೊಂಡು ಬಿರಾಮ್‌ಗೆ ಪಾಠವಾಯಿತು. "ಗಿನ್ ರ್ವನ್ ತೆ, ಗಿನ್ ಪಖ್ ಪಖ್" ಎಂದು ಅವಳು ಹೇಳಬೇಕು, ಅವನು ತೊಡೆಯ ಮೇಲೆ ಬಾರಿಸಬೇಕು. ಮೂರನೆಯ ಸುತ್ತಿನಲ್ಲಿ ತಾಳ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತದೆ, ಆಮೇಲೆ ಬರಿಗೈ ಒಂದೇ ಬೀಳುತ್ತದೆ. ಬಿರಾಮ್‌ನ ಕೈ ಪ್ರತಿ ಸಲವೂ ಮೊದಲೇ ಬೀಳುತ್ತಿತ್ತು.

"ಅವ್ವ, ಅಸ್ಸಾನ್‌ಗೆ ಹೇಳಿಕೊಟ್ಟುಬಿಡು. ಅವನಿಗೆ ಒಂದ್ಸಲ ಕೇಳಿದ್ರೆ ಸಾಕು."

"ನಿನ್ನ ಹೆರೋಕೆ ಎರಡು ದಿನ ನೋವು ತಿಂದಿದ್ದೀನಿ. ಈ ಮಾತು ಕೇಳೋಕಾ? ಬಾರ್ಸು."

ಆ ನಾಲ್ಕು ದಿನ ಐದು ಹೊತ್ತಿನ ನಮಾಜಿನಲ್ಲೂ ಅಸ್ಸಾನ್‌ನ ಬೆರಳು ಬಾತುಕೊಳ್ಳಲಿ ಎಂದು ಪೆಂದಾ ಬೇಡಿಕೊಂಡಳು. ಆಮೇಲೆ ದೇವರಿಗೆ ಹೆದರಿ, ಗುರುವಾರ ಒಂದು ದಿನ ಬಾತರೆ ಸಾಕು ಎಂದು ತಿದ್ದಿಕೊಂಡಳು.

ಗುರುವಾರ ಬೆಳಿಗ್ಗೆ ಇಮಾಮರು ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು. ಹುಳಿ ಮೊಸರು ಹಾಕಿದ ಸಜ್ಜೆ ಗಂಜಿ ಎಲ್ಲರ ಹೊಟ್ಟೆಗೂ ಇಳಿಯಿತು. ಮಧ್ಯಾಹ್ನ ಬೀದಿಗೆ ಶಾಮಿಯಾನ ಕಟ್ಟಿ, ಕುರ್ಚಿ ಸುತ್ತ ಹಾಕಿ, ಡೋಲಿನವರು ಒಂದು ಬದಿಗೆ, ಹೆಂಗಸರು ಇನ್ನೊಂದು ಬದಿಗೆ ಕೂತರು. ನಡುವಿನ ಕುರ್ಚಿಯಲ್ಲಿ ಬಾದಿಯಾನ್ ಅಜ್ಜಿ, ಸತ್ತ ಮಕೊದುವಿನ ಮಗಳು. ತೊಂಬತ್ತು ದಾಟಿದ್ದರೂ ನಾಲಿಗೆಗೆ ವಯಸ್ಸಾಗಿರಲಿಲ್ಲ.

"ಏನೇ ಪೆಂದಾ, ನಮ್ಮಪ್ಪನ ತಾಳ ಬಾರಿಸ್ತೀರೋ, ಗಂಜಿ ಕುಡಿದು ಹೋಗ್ತೀರೋ?"

"ಎರಡೂ ಮಾಡ್ತೀವಿ ತಾಯಿ. ಗಂಜಿಗೆ ಸಕ್ಕರೆ ಸಾಲದಾಗಿತ್ತು."

ಮೊದಲು ಅಸ್ಸಾನ್ ಉದ್ದನೆಯ ಡೋಲು ಹಿಡಿದ. ಎಳೆಯ ಹೆಂಗಸರು ಸೆರಗು ಬಿಗಿದು ಒಬ್ಬರಾದ ಮೇಲೆ ಒಬ್ಬರು ಕುಣಿದರು, ಅವರ ಹೆಜ್ಜೆ ಎಲ್ಲಿ ಬೀಳುತ್ತದೋ ಅಲ್ಲೇ ಅವನ ಕೋಲೂ ಬಿತ್ತು. ಬಾದಿಯಾನ್ ಅಜ್ಜಿ ಮಾತ್ರ ಅಲುಗಾಡಲಿಲ್ಲ. ಅವಳಿಗೆ ಬೇಕಾದದ್ದು ಅವನಿಗೆ ಬರುತ್ತಿರಲಿಲ್ಲ. ಪೆಂದಾಳಿಗೆ ಒಳಗೇ ಹಾಲು ಕುಡಿದಷ್ಟು ಹಿತವಾಯಿತು.

ಅಸ್ಸಾನ್ ಕೂತು ಸಣ್ಣ ಡೋಲು ತೆಗೆದುಕೊಂಡ. ಬಿರಾಮ್ ಎದ್ದು ನಿಂತ. ಮೊದಲ ಸುತ್ತು ಕೇಳಿದ್ದೇ ಅಜ್ಜಿಯ ಬಲಗೈ ಕುಣಿತಕ್ಕೆ ಮೇಲೆದ್ದಿತು. ಎರಡನೆಯದೂ ದಾಟಿತು. ಮೂರನೆಯದರಲ್ಲಿ ಬಿರಾಮ್‌ನ ಕೈ ಮೊದಲೇ ಬಿತ್ತು. ಮತ್ತೆ ಹಿಂದಕ್ಕೆ ಹೋದ, ಮತ್ತೆ ಅಲ್ಲೇ ಎಡವಿದ. ಹಿಂದೆ ಬಾರಿಸುವವರು ಅದೇ ಸುತ್ತನ್ನು ತಿರುತಿರುಗಿ ಬಾರಿಸುತ್ತಿದ್ದರು. ಎತ್ತಿದ ಕೈ ಇಳಿಸಲಾಗದೆ ಮುದುಕಿ ಹಾಗೇ ಕೂತಿದ್ದಳು.

ಪೆಂದಾ ಸುಮ್ಮನಿದ್ದಿದ್ದರೆ ಅಸ್ಸಾನ್‌ಗೂ ಆ ಜಾಗ ದಕ್ಕುತ್ತಿರಲಿಲ್ಲ, ಮಾತು ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಇದು ಅವಳಿಗೂ ಗೊತ್ತಿತ್ತು. ಆದರೆ ಅತ್ತೆಯ ತಾಳ ತನ್ನ ಕಿವಿಯೆದುರೇ ಮೂರನೆಯ ಸಲ ಮುರಿಯುವುದನ್ನು ಅವಳಿಂದ ಸಹಿಸಲಾಗಲಿಲ್ಲ. ಎದ್ದು ನಿಂತು, ಬೀದಿಗೆಲ್ಲ ಕೇಳುವಂತೆ, ಮೊದಲಿಂದ ಕೊನೆಯವರೆಗೆ ಬಾಯಲ್ಲೇ ಒಪ್ಪಿಸಿಬಿಟ್ಟಳು.

ಬಿರಾಮ್‌ನ ಕೈ ನಿಂತಿತು. ಅಸ್ಸಾನ್ ಕೂತಲ್ಲಿಂದಲೇ, ಸಣ್ಣ ಡೋಲಿನ ಮೇಲೆ, ಅವಳ ಮಾತು ಮುಗಿಯುವುದರೊಳಗೆ ಎತ್ತಿಕೊಂಡ. ಮೂರನೆಯ ಸುತ್ತು ಬಂತು. ಒಂದು ಉಸಿರು ನಿಂತ. ಬರಿಗೈ ಒಂದೇ ಬಿತ್ತು.

ಬಾದಿಯಾನ್ ಅಜ್ಜಿ ಪಕ್ಕದಲ್ಲಿದ್ದ ಇಬ್ಬರ ಹೆಗಲು ಹಿಡಿದು ಎದ್ದು ಎರಡು ಹೆಜ್ಜೆ ಕುಣಿದಳು. ಪೆಂದಾಳ ಮೈಯೆಲ್ಲ ಜುಮ್ಮೆಂದಿತು. ಅದರ ಬೆನ್ನಿಗೇ ಹೊಟ್ಟೆ ಭಗ್ಗೆಂದು ಉರಿಯಿತು. ನಲವತ್ತು ವರ್ಷ ತಾನು ಬಾಯಲ್ಲಿ ಕಾಪಾಡಿದ್ದನ್ನು ಈ ಹುಡುಗ ಒಂದೇ ಸಲ ಕೇಳಿ ಕೈಗೆ ಇಳಿಸಿಕೊಂಡಿದ್ದ.

ಬಿರಾಮ್ ಉದ್ದನೆಯ ಡೋಲನ್ನು ತಮ್ಮನ ಮುಂದಿಟ್ಟು, ಸಣ್ಣದನ್ನು ತಾನು ತೆಗೆದುಕೊಂಡು ಹಿಂದೆ ಕೂತ. ಅವನು ನಗುತ್ತಿದ್ದ. ಅಪ್ಪ ಸತ್ತ ಮೇಲೆ ಅವನ ಮುಖದಲ್ಲಿ ಅಂಥ ನಗು ಅವಳು ನೋಡಿರಲಿಲ್ಲ. ಅವನಿಗೆ ತಮ್ಮನ ಮೇಲೆ ಮತ್ಸರ ಎಂಬುದೇ ಇರಲಿಲ್ಲ, ಎಂದೂ ಇದ್ದಿರಲಿಲ್ಲ. ಮಗನಿಗಾಗಿ ಉರಿಯುತ್ತಿದ್ದೇನೆ ಎಂದುಕೊಂಡು ಅವಳು ಇಷ್ಟು ಕಾಲ ತನಗಾಗಿಯೇ ಉರಿದಿದ್ದಳು. ಗಂಡನಲ್ಲಿ ಸವತಿಗೆ ಸಿಕ್ಕ ಪಾಲನ್ನು ಎಂದೋ ಜೀರ್ಣಿಸಿಕೊಂಡಿದ್ದಳು. ತವರಿನಲ್ಲಿ ಅಣ್ಣಂದಿರ ಕೈಗೆ ಕೋಲು ಕೊಟ್ಟು ತನ್ನ ಕೈಗೆ ಒನಕೆ ಕೊಟ್ಟ ದಿನದ ಕಿಚ್ಚು ಮಾತ್ರ ಆರಿರಲಿಲ್ಲ. ಅಸ್ಸಾನ್‌ನ ಆ ಕೈ ಅವಳಿಗೆ ಬೇಕಾಗಿತ್ತು. ಅದು ಮರೆಮ್‌ನ ಹೊಟ್ಟೆಯಲ್ಲಿ ಹುಟ್ಟಿತ್ತು.

ಡೋಲು ನಿಂತ ಮೇಲೆ ಮಾಗೆತ್ ಹತ್ತಿರ ಬಂದ.

"ತೀರ್ಮಾನ ನಾನು ಹೇಳ್ಲಾ ಅತ್ತಿಗೆ, ನೀವೇ ಹೇಳ್ತೀರಾ?"

"ನೀನೇ ಹೇಳು. ನಂದು ಆಗಲೇ ಬಾಯಿ ಜಾಸ್ತಿ ಆಯ್ತು."

ಮರೆಮ್ ಕಣ್ಣು ಒರೆಸಿಕೊಳ್ಳುತ್ತ ಬಂದು ಅವಳ ಕೈ ಹಿಡಿದಳು. "ಅಕ್ಕ, ಕೊನೆಗೂ ಕೊಟ್ರಲ್ಲ."

"ನಾನೆಲ್ಲಿ ಕೊಟ್ಟೆ. ನಿನ್ನ ಮಗ ಕಿತ್ಕೊಂಡ."

ಅಸ್ಸಾನ್ ತಾಯಿಯ ಹಿಂದೆಯೇ ಬಂದು ಪೆಂದಾಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ದೊಡ್ಡಮ್ಮ" ಎಂದ. ಪೆಂದಾ ಅವನ ಎಡಗೈ ಎಳೆದುಕೊಂಡು, ಸಂತೆಯಲ್ಲಿ ಮೀನು ನೋಡುವ ಹಾಗೆ ಮಗುಚಿ ಮಗುಚಿ ನೋಡಿದಳು. ಅಂಗೈ ಕೆಂಪಗೆ ಬಿಸಿಯಾಗಿತ್ತು.

"ಕೊನೇ ಸುತ್ತಲ್ಲಿ ಓಡಿಬಿಟ್ಟೆ" ಎಂದಳು. "ಯಾರು ಅಟ್ಟಿಸ್ಕೊಂಡು ಬಂದಿದ್ರು? ಇನ್ನೂ ಹನ್ನೊಂದು ತಾಳ ಇದೆ ನನ್ನ ಹತ್ರ. ನಾಳೆ ಬೆಳಿಗ್ಗೆ ನನ್ನ ಕೋಣೆಗೆ ಬಾ."

"ಬರ್ತೀನಿ ದೊಡ್ಡಮ್ಮ."

"ಒಬ್ಬನೇ ಬಾ. ನಿಮ್ಮಮ್ಮ ಬಾಗಿಲ ಹತ್ರ ಸುಳಿದರೂ ಒಂದಕ್ಷರ ಹೇಳಲ್ಲ."