ಒಂಬತ್ತರ ಚಿಲಕ

“ಕಾರಣ ಏನಂತ ಬರೆದಿದ್ದೀರಿ ಮೇಡಂ?” ಬನ್ನಣ್ಣನ ಅಕ್ಕ ಮೇಜಿನ ಮೇಲಿನ ಹಾಳೆಯನ್ನು ತಲೆಕೆಳಗಾಗಿಯೇ ಓದಲು ನೋಡುತ್ತಿದ್ದಳು.

“ತಾನಾಗಿಯೇ ಬಿಟ್ಟುಹೋದರು, ಅಂತ.” ಸಲಹೆಗಾರ್ತಿ ಹಾಳೆಯ ಮೇಲೆ ಕೈಯಿಟ್ಟಳು.

ಅವನಿಗೆ ಬನ್ನಣ್ಣ ಎಂದು ಹೆಸರಿಟ್ಟವರು ಜೊತೆಯಲ್ಲಿ ಚಿಕಿತ್ಸೆಗೆ ಬರುತ್ತಿದ್ದವರು. ಬೇಕರಿಯಲ್ಲಿ ಕೆಲಸ, ಮೇಲೊಂದು ಡ್ರಗ್ಸ್ ಕೇಸು. ಆರು ತಿಂಗಳು ತಪ್ಪದೆ ಈ ವ್ಯಸನಮುಕ್ತಿ ಕೇಂದ್ರಕ್ಕೆ ಹೋದರೆ ಜೈಲಿಲ್ಲ ಎಂದಿತ್ತು ನ್ಯಾಯಾಲಯ. ನಾಲ್ಕು ತಿಂಗಳು ಬಂದ. ಇವತ್ತು ಈ ಹಾಳೆ ನ್ಯಾಯಾಲಯ ಸೇರಿದರೆ ಅವನು ಒಳಗೆ ಹೋದ ಹಾಗೆಯೇ.

ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಗಾಜಿನ ಬಾಗಿಲಿಗೆ ಚಿಲಕ ಹಾಕುವುದು ಸಲಹೆಗಾರ್ತಿಯೇ ತಂದ ನಿಯಮ. ಆಮೇಲೆ ಬಂದವರು ಗೈರುಹಾಜರು. ಮೂರು ಸಲ ಗೈರಾದರೆ ಬಿಟ್ಟುಹೋದಂತೆ. ಸಡಿಲ ಬಿಟ್ಟರೆ ತಲೆ ಮೇಲೆ ಕೂರುತ್ತಾರೆ ಎಂದು ಹದಿನೈದು ವರ್ಷದ ಅನುಭವ ಹೇಳಿತ್ತು. ಅನುಭವಕ್ಕೇನು, ಹೇಳಿದ್ದನ್ನೇ ಹೇಳುತ್ತದೆ. ಬೇಕರಿಯಲ್ಲಿ ಪಾಳಿ ಬದಲಾದಾಗ ಬನ್ನಣ್ಣ ಬಂದು, “ಕೊನೇ ಟ್ರೇ ಇಳಿಸೋ ಹೊತ್ತಿಗೆ ಒಂಬತ್ತಾಗ್ಬಿಡುತ್ತೆ ಮೇಡಂ, ಒಂದ್ ಹತ್ತು ನಿಮಿಷ...” ಎಂದು ತಲೆ ಕೆರೆದುಕೊಂಡಿದ್ದ.

“ಎಲ್ರಿಗೂ ಒಂದೇ ರೂಲು,” ಎಂದಿದ್ದಳು.

“ಅವನದೇ ತಪ್ಪು ಬಿಡಿ,” ಅಕ್ಕ ಕಣ್ಣೊರೆಸಿಕೊಂಡಳು. “ಹೋಗಿದ್ದೆ, ಬಾಗಿಲು ಹಾಕಿತ್ತು ಅಂತಾನೆ. ಅವನ ಸುಳ್ಳು ಕೇಳಿ ಕೇಳಿ ನಂಗೂ ಸಾಕಾಗಿದೆ. ನಿನ್ನೆ ಕೆನ್ನೆಗೆ ಬಾರಿಸಿಬಿಟ್ಟೆ.”

ಸಲಹೆಗಾರ್ತಿ ಗಾಜಿನ ಬಾಗಿಲಿನತ್ತ ನೋಡಿದಳು. ಮೂರು ದಿನವೂ ಅವನು ಗಾಜಿನಾಚೆ ನಿಂತಿದ್ದ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು. ಮೂರನೆಯ ದಿನ ಕಣ್ಣಿಗೆ ಕಣ್ಣು ಸೇರಿತ್ತು. ಆಕೆ ಕುರ್ಚಿ ತಿರುಗಿಸಿ ಕೂತಿದ್ದಳು. ಅದನ್ನು ನೆನೆದರೆ ಈಗ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು.

“ನಿಮ್ಮ ತಮ್ಮ ಸುಳ್ಳು ಹೇಳಿಲ್ಲ,” ಎಂದಳು. “ಬಂದಿದ್ದ. ನಾನು ನೋಡ್ದೆ, ಮೂರು ದಿನಾನೂ. ನೋಡಿಯೂ ತೆಗೀಲಿಲ್ಲ.”

ಅಕ್ಕ ಬಯ್ಯುತ್ತಾಳೆ ಎಂದುಕೊಂಡಿದ್ದಳು. ಬಯ್ಯಲಿಲ್ಲ. ತಮ್ಮನಿಗೆ ಹೊಡೆದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

“ಹಾಗಂತ ಬರೀತೀರಾ?”

ಸಲಹೆಗಾರ್ತಿ ಮೊದಲಿನ ಸಾಲಿನ ಮೇಲೆ ಗೀಟು ಎಳೆದಳು. ‘ಬಂದಿದ್ದರು. ನಾನು ಬಾಗಿಲು ತೆರೆಯಲಿಲ್ಲ’ ಎಂದು ಕೆಳಗೆ ಬರೆದು ಸಹಿ ಹಾಕಿದಳು.

ಅಷ್ಟರಲ್ಲಿ ಚಿಕಿತ್ಸೆಗೆ ಬರುವ ಉಳಿದವರೆಲ್ಲ ಬಂದು ಕುರ್ಚಿಗಳಲ್ಲಿ ಕೂತಾಗಿತ್ತು. ಒಬ್ಬ ಗಡಿಯಾರ ನೋಡಿ ಎದ್ದ. “ಒಂಬತ್ತಾಯ್ತು ಮೇಡಂ, ಚಿಲಕ ಹಾಕ್ಲಾ?”

“ಬೇಡ, ಇರಲಿ.”

ಬೇಕರಿಯಲ್ಲಿ ಬನ್ನಣ್ಣ ಕೊನೆಯ ಟ್ರೇ ಇಳಿಸುವ ಹೊತ್ತು ಅದು.