ತಲೆ ಯಾವ ಕಡೆ

ಚಿತ್ರಗಳಿಗೆ ಕಟ್ಟು ಹಾಕುವುದರಲ್ಲಿ ಅವನದು ಎತ್ತಿದ ಕೈ. ಅಂಥವನು ಇವತ್ತು ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

ಚಿತ್ರ ಚಚ್ಚೌಕವಾಗಿತ್ತು. ಮೂಲೆಯಲ್ಲಿದ್ದ ಸಹಿ ಕಟ್ಟಿನ ಅಂಚಿನೊಳಗೆ ಮುಚ್ಚಿಹೋಗಿತ್ತು. ಹಿಂಬದಿಗೆ ಮೇಲು ಯಾವುದೆಂದು ತೋರಿಸುವ ಬಾಣದ ಗುರುತು ಹಾಕುವುದನ್ನು ಈ ಸಲ ಮರೆತಿದ್ದ. ಅಂಟು ಒಣಗಿದ್ದರಿಂದ ಬಿಚ್ಚಿದರೆ ಚಿತ್ರವೇ ಹರಿಯುತ್ತಿತ್ತು. ಗೋಡೆಗೆ ನೇತುಹಾಕುವ ಕೊಕ್ಕೆಯನ್ನು ಈಗ ಯಾವ ಕಡೆ ಹೊಡೆಯುವುದು? ಕಲಾವಿದೆ ನಾಲ್ಕು ಗಂಟೆಗೆ ಬರುವವರಿದ್ದರು. ಇದು ಹಿಡಿಸಿದರೆ ಇನ್ನೂ ನಲವತ್ತು ಚಿತ್ರ ಕೊಡುತ್ತೇನೆಂದಿದ್ದರು.

ಚಿತ್ರದಲ್ಲಿ ಒಬ್ಬ ಹೆಂಗಸಿದ್ದಳು, ಆದರೆ ಒಂದೇ ಕಡೆ ಇರಲಿಲ್ಲ. ಕಣ್ಣು ಮೊಣಕಾಲಿನ ಪಕ್ಕದಲ್ಲಿತ್ತು. ಮೂಗು ಮನಸ್ತಾಪವಾದವರಂತೆ ದೂರ ಹೋಗಿ ನಿಂತಿತ್ತು.

ಅಂಗಡಿಯ ಇನ್ನರ್ಧದಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಕತ್ತು ಚಾಚಿ ನೋಡಿದಳು.

"ಇದರಲ್ಲಿ ಏನ್ರೀ ಕಷ್ಟ? ಹೊಲಿಯೋ ಮುಂಚೆ ಕತ್ತರಿಸಿದ ಬಟ್ಟೆ ನನ್ನ ಮೇಜಿನ ಮೇಲೆ ದಿನಾ ಹಿಂಗೇ ಬಿದ್ದಿರುತ್ತೆ. ತೋಳಿನ ಉಬ್ಬು ಸೇರೋದು ಹೆಗಲಿಗೆ. ಹೆಗಲು ಇಲ್ಲಿದೆ, ಬೆನ್ನು ಮೇಲಿದೆ. ಪಾಪ, ಬಗ್ಗಿ ಮಂಚದ ಕೆಳಗೆ ಚಪ್ಪಲಿ ಹುಡುಕ್ತಿದಾಳೆ."

"ಕಲೆ ಅಂದ್ರೆ ಅಂಗಿ ಹೊಲಿದಂಗಲ್ಲ. ನಿನ್ನ ಕೆಲಸ ನೋಡ್ಕೊ," ಎಂದ ಅವನು. ಅವಳು ಮೂತಿ ತಿರುವಿ ಮಿಷನ್ ತುಳಿದಳು.

ಕಲಾವಿದೆ ಹೇಳಿದ ಹೊತ್ತಿಗೇ ಬಂದರು. ಕನ್ನಡಕ ಏರಿಸಿದರು, ಇಳಿಸಿದರು.

"ಸಹಿ ಎಲ್ಲಿ?"

"ತಪ್ಪಾಯ್ತು ಮೇಡಂ. ಕಟ್ಟಿನೊಳಗೆ ಹೋಗಿಬಿಟ್ಟಿದೆ. ಮೇಲು ಯಾವುದು ಅಂತ ನೀವೇ ಹೇಳಿದ್ರೆ ಈಗಲೇ ಕೊಕ್ಕೆ ಹೊಡೀತೀನಿ."

ಅವರ ಮುಖ ಸಪ್ಪಗಾಯಿತು. ಬೀದಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ಬಿಡಿಸಿ ಹನ್ನೊಂದು ವರ್ಷ ಆಯ್ತಪ್ಪ. ನಾನೂ ಸಹಿ ನೋಡ್ಕೊಂಡೇ ನೇತುಹಾಕೋದು."

ಇಬ್ಬರೂ ಸ್ವಲ್ಪ ಹೊತ್ತು ಕತ್ತು ವಾಲಿಸಿಕೊಂಡು ನಿಂತರು. ಕೊನೆಗೆ ಅವನು ಮದುವೆಯಾದಾಗಿನಿಂದ ಮೊದಲ ಸಲ ಹೆಂಡತಿಯನ್ನು ಬಹುವಚನದಲ್ಲಿ ಕರೆದ.

"ಸ್ವಲ್ಪ ಈ ಕಡೆ ಬರ್ತೀರಾ?"

ಅವಳು ಹಿಡಿದ ಹೊಲಿಗೆ ಮುಗಿಸಿ, ದಾರ ಕಚ್ಚಿ ತುಂಡರಿಸಿ, ನಿಧಾನವಾಗಿಯೇ ಬಂದಳು. ಚಿತ್ರವನ್ನು ಬೆನ್ನು ಮೇಲೆ ಬರುವಂತೆ ತಿರುಗಿಸಿ ನಿಲ್ಲಿಸಿ ಚಪ್ಪಲಿಯ ವಿಷಯ ಹೇಳಿದಳು.

ಕಲಾವಿದೆಯ ಕಣ್ಣು ತುಂಬಿತು. "ಹೌದು, ನಮ್ಮಕ್ಕ. ಯಾವಾಗ್ಲೂ ಒಂದು ಚಪ್ಪಲಿ ಕಳಕೊಂಡಿರ್ತಿದ್ಲು."

"ಎಡತೋಳು ಮಾತ್ರ ಒಂದಿಂಚು ಗಿಡ್ಡ ಆಗಿದೆ," ಎಂದಳು ಹೆಂಡತಿ.

ಉಳಿದ ನಲವತ್ತು ಚಿತ್ರಗಳೂ ಮರುದಿನ ಬಂದವು. ನೇರವಾಗಿ ಅವಳ ಮೇಜಿಗೆ.