ಡ್ಯಾಶ್‌ಬೋರ್ಡಿನ ಐದು ಬಲ್ಬು

"ಕತ್ತಲಾದ ಮೇಲೆ ಆ ಕಾರಲ್ಲಿ ನಾನು ಕೂರಲ್ಲ. ಕ್ಲಾಸ್ ಮುಗಿಸಿ ಆರು ಗಂಟೆ ಬಸ್ಸಿಗೆ ಹೋಗ್ತೀನಿ," ಎಂದು ಹೆಂಡತಿ ಬೆಳಿಗ್ಗೆಯೇ ಸಾರಿ, ಹೊಲಿಗೆ ಕಲಿಸಲು ಹೊರಟುಬಿಟ್ಟರು.

ಗಡಿಯಾರ ರಿಪೇರಿಯ ಯಜಮಾನರ ಎದೆ ಧಸಕ್ಕೆಂದಿತು. ಅಂದು ಸಂಜೆ ಇಬ್ಬರೂ ಹೊರಡಬೇಕಿದ್ದ ನಾದಿನಿಯ ಊರಿಗೆ ಮೂರು ಗಂಟೆಯ ದಾರಿ. ಹೆಂಡತಿ ಪಕ್ಕದಲ್ಲಿ ಕೂತು, ಸ್ಪೀಡಿನ ಮುಳ್ಳಿನ ಮೇಲೇ ಕಣ್ಣಿಟ್ಟು, "ಐವತ್ತಾಯ್ತು, ಇಳಿಸಿ! ಅರವತ್ತಾಯ್ತು ಕಣ್ರೀ!" ಎಂದು ಗದರುತ್ತಿದ್ದರೆ ಯಜಮಾನರಿಗೆ ಸ್ವರ್ಗಕ್ಕೆ ಮೂರೇ ಗೇಣು. ಈಗ ಡ್ಯಾಶ್‌ಬೋರ್ಡಿನ ಐದು ಬಲ್ಬೂ ಸುಟ್ಟು ಕೂತಿವೆ, ರಾತ್ರಿ ಮುಳ್ಳೇ ಕಾಣುವುದಿಲ್ಲ. ಅಂದಾಜಿನ ಮೇಲೆ ಗದರುವ ಹೆಂಗಸಲ್ಲ ಆಕೆ.

"ಅಷ್ಟೇನಾ ಮಾವ?" ಎಂದಳು ಸೊಸೆ. ಅವಳು ಹಲ್ಲಿನ ಡಾಕ್ಟರು, ಅಂದು ರಜೆ. "ಹೊಸ ಬಲ್ಬು ತಂದುಬಿಡಿ. ಕೀಳೋ ಕೆಲಸ ನಂಗೆ ಬಿಡಿ."

ಯಜಮಾನರು ಪೇಟೆಯಿಂದ ಬಲ್ಬು ತಂದ ಮೇಲೆ ಅವಳು ನಾಲ್ಕು ಸ್ಕ್ರೂ ಬಿಚ್ಚಿ, ಮೀಟರಿನ ಪೆಟ್ಟಿಗೆಯನ್ನು ಈಚೆಗೆಳೆದು, ತಲೆಗೆ ಲೈಟು ಕಟ್ಟಿಕೊಂಡು, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಸಂದಿಗೆ ತೂರಿಸಿದಳು. "ಎಲ್ಲಿ, ಆ ಅನ್ನಿ," ಎಂದಳು ಕಾರಿಗೆ. ಯಜಮಾನರು ಬಿದ್ದು ಬಿದ್ದು ನಕ್ಕರು. ಒಂದೊಂದೇ ಹೋಲ್ಡರನ್ನು ಕಾಲು ಸುತ್ತು ತಿರುಗಿಸಿ, ಚಿಮಟದಲ್ಲಿ ಬಲ್ಬು ಹಿಡಿದು ಕಿತ್ತಳು. ಯಜಮಾನರು ಒಂದೊಂದನ್ನೂ ಇಸಿದುಕೊಂಡು, ಬ್ರಷ್ಷಿನಿಂದ ಒರೆಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ನಲವತ್ತು ವರ್ಷ ಗಡಿಯಾರ ಬಿಚ್ಚಿದ ಕೈ ಅದು.

"ಮಾವ, ಕೊಡಿ," ಎಂದು ಸೊಸೆ ತಲೆ ಎತ್ತದೆ ಕೈ ಚಾಚಿದಳು. ಕ್ಲಿನಿಕ್ಕಿನಲ್ಲಿ ನರ್ಸು ಏನು ಕೊಟ್ಟರೂ ಅವಳು ತಿರುಗಿ ನೋಡಿದವಳಲ್ಲ. ಯಜಮಾನರು ಒಂದೊಂದಾಗಿ ಕೊಟ್ಟರು, ಅವಳು ಕೂರಿಸಿದಳು. ಸ್ವಿಚ್ಚು ಹಾಕಿದರೆ ಒಂದೂ ಉಸಿರೆತ್ತಲಿಲ್ಲ.

ಫ್ಯೂಸು ನೋಡಿದರು, ವೈರು ಅಲ್ಲಾಡಿಸಿದರು. ಸ್ವಿಚ್ಚು ಹಾಕಿ ಆರಿಸಿ, ಹಾಕಿ ಆರಿಸಿ ಸಾಕಾಯಿತು. ಕೊನೆಗೆ ಬೆವರು ಒರೆಸಿಕೊಳ್ಳುತ್ತ ಸೊಸೆ ಕೇಳಿದಳು, "ಮಾವ, ನಿಮ್ಮ ಜೇಬಲ್ಲಿರೋದೇನು?"

"ಹೊಸ ಬಲ್ಬು."

"ಮತ್ತೆ ನಾನು ಹಾಕಿದ್ದು?"

ಯಜಮಾನರು ಪೆಚ್ಚಾದರು. "ಬಿಚ್ಚಿದ್ದನ್ನ ಒರೆಸಿ ಅದೇ ಜಾಗಕ್ಕೆ ಹಾಕೋದಲ್ವೇನಮ್ಮಾ ರಿಪೇರಿ ಅಂದ್ರೆ?"

"ಅಯ್ಯೋ ಮಾವ! ಹುಳುಕು ಹಲ್ಲು ಕಿತ್ತು, ತೊಳೆದು, ಮತ್ತೆ ಅದೇ ಬಾಯಿಗಿಟ್ಟಿದ್ದೀವಿ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಸ ಬಲ್ಬು ಹಾಕಿದ್ದೇ ತಡ, ಡ್ಯಾಶ್‌ಬೋರ್ಡು ಹಸಿರಾಗಿ ಬೆಳಗಿತು. ಖುಷಿಗೆ ಹೆಡ್‌ಲೈಟನ್ನೂ ಹಾಕಿದರು. ಆರಿಸಲು ಮನಸ್ಸೇ ಬರದೆ, ಹೆಂಡತಿ ಬರುವವರೆಗೂ ಅದರ ಮುಂದೆ ಮಕ್ಕಳ ಹಾಗೆ ಕೂತೇ ಇದ್ದರು.

ಆರಕ್ಕೆ ಹತ್ತು ನಿಮಿಷವಿರುವಾಗ ಹೆಂಡತಿ ಬ್ಯಾಗು ಹಿಡಿದು ಬಂದು ಒಳಗೆ ಬಗ್ಗಿ ನೋಡಿದರು. "ಸೊನ್ನೆ," ಎಂದು ಮುಳ್ಳು ಓದಿ, ಬ್ಯಾಗು ಹಿಂದಕ್ಕೆಸೆದು ಕೂತೇಬಿಟ್ಟರು. ಯಜಮಾನರು ಕುಣಿಯುವುದೊಂದು ಬಾಕಿ. ಕೀಲಿ ತಿರುಗಿಸಿದರು.

ಟಿಕ್.

ಇನ್ನೊಮ್ಮೆ. ಟಿಕ್. ಹಸಿರು ಬೆಳಕು ಮಂಕಾಯಿತು. ಮಧ್ಯಾಹ್ನದಿಂದ ದೀಪ ಉರಿಸಿ ಉರಿಸಿ ಬ್ಯಾಟರಿ ಬರಿದಾಗಿತ್ತು. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಬಸ್ಸು ನಿಲ್ಲುವುದು ಮನೆಯೆದುರೇ.

"ಬಸ್ಸು ಬಂತು, ಹೋಗು," ಎಂದರು ಯಜಮಾನರು. ಹೆಂಡತಿ ಬಾಗಿಲು ತೆಗೆದು ಇಳಿದರು. ಯಜಮಾನರಿಗೆ ಆ ಕಡೆ ನೋಡುವ ಧೈರ್ಯವಾಗಲಿಲ್ಲ.

ಕಾರು ಅಲುಗಿತು.

"ರೀ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಒತ್ತಿ ಹಿಡೀರಿ!" ಹಿಂದಿನಿಂದ ಕೂಗು. "ಲೇ ಹುಡುಗಿ, ನಗೋದು ಸಾಕು, ಆ ಕಡೆಯಿಂದ ತಳ್ಳು!"

ಕಂಡಕ್ಟರು ಬಸ್ಸಿನಿಂದ ತಲೆ ಹಾಕಿ ಕೇಳಿದ, "ಅಮ್ಮಾ, ಬರ್ತೀರಾ?"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಏದುಸಿರು ಬಿಡುತ್ತ ಕಾರು ತಳ್ಳುತ್ತಿದ್ದ ಹೆಂಡತಿ ಜಂಬದಿಂದ ಹೇಳಿದರು, "ಇಲ್ಲಪ್ಪಾ, ನಾವು ಕಾರಲ್ಲಿ ಹೋಗ್ತಾ ಇದ್ದೀವಿ!"